ನಾಲ್ಕು ಕಣ್ಣು

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ರೂಮ್‌ಮೇಟ್‌ನ ನೋಟ್‌ಬುಕ್ ಕಣ್ಣಿಗೆ ಬಿತ್ತು. ಟರ್ಕಿಯ ಇಜ್ಮಿರ್‌ನ ಹುಡುಗಿ, ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ಎಡಗಡೆ ಇಂಗ್ಲಿಷ್, ಬಲಗಡೆ ಟರ್ಕಿಶ್.

‘ಗಿವ್ ಅಪ್’ ಎದುರಿಗೆ ಒಂದೇ ಪದ, ವಜ್‌ಗೆಚ್‌ಮೆಕ್. ಅಪ್ಪೂ ಇಲ್ಲ, ಡೌನೂ ಇಲ್ಲ. ಇಂಗ್ಲಿಷಿನ ಆ ಸಣ್ಣ ಬಾಲಗಳೇ ಅವಳಿಗೆ ತಲೆನೋವು. ನಮಗೇನು ಕಡಿಮೆ ಕಾಟ ಕೊಟ್ಟಿವೆಯಾ? ‘ಪುಟ್ ಆನ್’ ಬೇರೆ, ‘ಪುಟ್ ಆಫ್’ ಬೇರೆ, ‘ಪುಟ್ ಅಪ್ ವಿತ್’ ಅಂದ್ರೆ ಸಹಿಸ್ಕೋ. ಅದಕ್ಕೆ ಅವರಲ್ಲಿ ಕತ್ಲಾನ್‌ಮಾಕ್. ಬಟ್ಟೆ ಮಡಚಿಕೊಂಡರೂ ಅದೇ ಪದವಂತೆ. ಸರಿಯಾಗೇ ಇದೆ ಅನಿಸಿತು.

ಕೆಳಗೆ ‘ಲುಕ್ ಫಾರ್ವರ್ಡ್ ಟು’. ಎದುರಿಗೆ, ದೋರ್ತ್ ಗೋಜ್ಲೆ ಬೆಕ್ಲೆಮೆಕ್.

ಅಂದ್ರೆ?

“ನಾಲ್ಕು ಕಣ್ಣಿಂದ ಕಾಯೋದು.”

ಹಾಲು ಉಕ್ಕಿತು.

ಆಫೀಸ್ ಮೇಲ್‌ನ ಕೊನೆಯಲ್ಲಿ ನಾನು ದಿನಾ ಸುಮ್ನೆ ಹಾಕುವ ಸಾಲು ಅದು. ಅರ್ಧ ಕಣ್ಣೂ ಇರುವುದಿಲ್ಲ ಅದರಲ್ಲಿ. ನಮ್ಮ ‘ಎದುರು ನೋಡುತ್ತೇವೆ’ ಕೂಡ ಈಗ ಮದುವೆ ಪತ್ರಿಕೆಗೆ ಹೋಗಿ ಸೇರಿದೆ. ಅಜ್ಜಿ ಮಾತ್ರ ‘ದಾರಿ ನೋಡ್ತಾ ಕೂತಿದ್ದೆ ಕಣೇ’ ಅನ್ನುತ್ತಿದ್ದರು. ಅದರಲ್ಲಿ ಜಗಲಿ ಇತ್ತು, ಸಂಜೆ ಬಸ್ಸಿನ ಸದ್ದಿತ್ತು. ಕಣ್ಣು ಎರಡೇ, ಅದೂ ಪೊರೆ ಬಂದದ್ದು.

ನಾಳೆ ಇವಳ ಅಮ್ಮ ಬರುತ್ತಿದ್ದಾರೆ, ಎರಡು ವರ್ಷದ ಮೇಲೆ. ಬೆಳಿಗ್ಗೆಯಿಂದ ಮೂರು ಸಲ ವಿಮಾನದ ಟೈಮ್ ನೋಡಿದಳು.

ಕನ್ನಡಕ ಹಾಕಿಕೊಂಡು.