ಹೊಸ ಚೆಂಡು ಯಾರ ಕೈಗೆ?

18 ಆಗಸ್ಟ್ 2024, ಭಾನುವಾರ
ಶಿವಮೊಗ್ಗ

ಮಳೆ ಬಿಡುವ ಲಕ್ಷಣ ಇಲ್ಲ. ನೆಟ್ಸ್ ಸುತ್ತಿಟ್ಟಾಗಿದೆ. ಹೇಗೂ ಆಟ ಇಲ್ಲವಲ್ಲ, ಕ್ಲಬ್ಬಿನ ಮೀಟಿಂಗ್ ಮುಗಿಸೋಣ ಅಂತ ಸೇರಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಮಾತೆಲ್ಲ ನಮ್ಮ ಫಾಸ್ಟ್ ಬೌಲರ್ ಹುಡುಗನ ಸುತ್ತಲೇ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.) ಅವನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ತೀರಾ ಖಿನ್ನತೆಗೆ ಹೊಯ್ದಾಡುತ್ತದೆ. ಅದನ್ನು ಹತೋಟಿಯಲ್ಲಿಡಲು ಲಿಥಿಯಂ ಮಾತ್ರೆ ತಗೊಳ್ತಾನೆ. ಕಳೆದ ಸೀಸನ್‌ನಲ್ಲಿ ಒಂದು ಮ್ಯಾಚಿಗೆ ಹೇಳದೆ ಕೇಳದೆ ತಪ್ಪಿಸಿಕೊಂಡ. ಹತ್ತೇ ಜನ ಆಡಿ ಸೋತೆವು.

"ಟೀಮ್ ಅಂದ್ಮೇಲೆ ಜವಾಬ್ದಾರಿ ಬೇಕಲ್ವಾ? ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಾರಾಯ?" ಅಂದರು ಹಿರಿಯರೊಬ್ಬರು. ಜ್ವರ ಇಟ್ಟುಕೊಂಡೇ ಕೀಪಿಂಗ್ ಮಾಡಿದ ಮನುಷ್ಯ ಅವರು. ಎಲ್ಲರೂ ಹಾಗೇ ಇರಬೇಕು ಅಂತ ಆಸೆ.

ಇತ್ತು ಸಾರ್, ಯಾರೂ ಬಾಯಿ ಬಿಡ್ತಿರಲಿಲ್ಲ ಅಂದೆ. ಇಂಗ್ಲೆಂಡಿನ ಮಾರ್ಕಸ್ ಟ್ರೆಸ್ಕೊಥಿಕ್ 2006ರಲ್ಲಿ ಭಾರತ ಪ್ರವಾಸದ ಮಧ್ಯೆ ಮನೆಗೆ ಹೊರಟರು. ಆಗ ಹೇಳಿದ್ದು ವೈಯಕ್ತಿಕ ಕಾರಣ, ನಿಜಕ್ಕೂ ಇದ್ದದ್ದು ಖಿನ್ನತೆ. ಅದೇ ವರ್ಷ ಆಸ್ಟ್ರೇಲಿಯಾದಿಂದಲೂ ವಾಪಸ್ ಹೋದರು. 2008ಕ್ಕೆ ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟರು. ಆದರೆ ಸಾಮರ್ಸೆಟ್ ಕೌಂಟಿಗೆ 2019ರವರೆಗೂ ಆಡಿದರು. ಮನೆ ಬಿಟ್ಟು ತಿಂಗಳುಗಟ್ಟಲೆ ಇರಲು ಆಗುತ್ತಿರಲಿಲ್ಲ. ಆಟ ಆಗುತ್ತಿತ್ತು. ಆಸ್ಟ್ರೇಲಿಯಾದ ಮ್ಯಾಕ್ಸ್‌ವೆಲ್ 2019ರ ಅಕ್ಟೋಬರ್‌ನಲ್ಲಿ ಶ್ರೀಲಂಕಾ ಮೇಲೆ 28 ಎಸೆತಕ್ಕೆ 62 ಹೊಡೆದು, ಕೆಲವೇ ದಿನಕ್ಕೆ ಮಾನಸಿಕ ಆರೋಗ್ಯದ ಕಾರಣಕ್ಕೆ ರಜೆ ಕೇಳಿದರು. ಅದನ್ನು ಮೆಚ್ಚಿದ ಕೊಹ್ಲಿ, 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತನಗೂ ಲೋಕವೇ ಮುಗಿದಂತೆ ಅನ್ನಿಸಿತ್ತು ಅಂದರು.

"ಅವರಿಗೆ ಬೆಂಚಿನ ತುಂಬ ಬದಲಿ ಆಟಗಾರರು. ನಮಗೆ?" ಅಂದರು ಹಿರಿಯರು.

ಈ ಮಾತು ಸರಿ. ಉತ್ತರ ಇರಲಿಲ್ಲ.

ನಾನು ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಕಡೆ ತಿರುಗಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟೀಮ್ ಫೈನಲ್ಲಿನ ಮೊದಲ ವಾಲ್ಟ್ (ಓಡಿ ಬಂದು ಮೇಜಿನ ಮೇಲಿಂದ ಜಿಗಿಯುವುದು) ಆದ ಮೇಲೆ ಹೊರಬಂದರು. ಗಾಳಿಯಲ್ಲಿ ತಿರುಗುವಾಗ ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಕೈಕೊಟ್ಟರು ಅಂತ ಜನ ಬೈದರು. ಆದರೆ ಆ ಫೈನಲ್ಲಿನ ಲೆಕ್ಕ ನೋಡಿ. ಪ್ರತಿ ಉಪಕರಣದ ಮೇಲೆ ಮೂವರು, ಮೂವರ ಅಂಕವೂ ಲೆಕ್ಕಕ್ಕೆ. ಕೆಟ್ಟದ್ದನ್ನು ಬಿಟ್ಟುಬಿಡುವ ಹಾಗಿಲ್ಲ. ಅವರು ಹಟ ಹಿಡಿದು ಆಡಿ ಬಿದ್ದಿದ್ದರೆ ಎಲ್ಲರೂ ಮುಳುಗುತ್ತಿದ್ದರು. ಜೊತೆಯವರು ಆಡಿ ಬೆಳ್ಳಿ ತಂದರು. ಈಗ ಪ್ಯಾರಿಸ್‌ನಲ್ಲಿ ಅದೇ ಬೈಲ್ಸ್ ಇದ್ದ ತಂಡಕ್ಕೆ ಚಿನ್ನ ಬಂತು. ನನ್ನ ಪ್ರಕಾರ ಅವತ್ತು ಹೊರಬಂದದ್ದೇ ತಂಡದ ಕೆಲಸ.

ಹಿರಿಯರು ಬಜ್ಜಿ ಮುರಿಯುತ್ತಾ, "ಅವಳು ಹೇಳಿ ಬಿಟ್ಳು. ನಮ್ಮವನು ಹೇಳಲೇ ಇಲ್ಲ" ಅಂದರು.

ಅಲ್ಲಿಂದ ಮೀಟಿಂಗ್ ದಾರಿಗೆ ಬಂತು. ಆಗಲ್ಲ ಅಂದರೆ ಹಿಂದಿನ ರಾತ್ರಿ ಕ್ಯಾಪ್ಟನ್‌ಗೆ ಒಂದು ಮೆಸೇಜ್. ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ಕಾಯಿಲೆಯ ಹೆಸರು ಇಡೀ ತಂಡಕ್ಕೆ ಬೇಕಿಲ್ಲ. ಆದರೆ ಕಿಟ್ ಬ್ಯಾಗ್ ನೋಡಿಕೊಳ್ಳುವವನಿಗೆ ಒಂದು ವಿಷಯ ಗೊತ್ತಿರಲೇಬೇಕು. ನಮ್ಮಲ್ಲಿ ಬೆನ್ನು ನೋವು ಅಂದರೆ ಸಾಕು, ಐಬುಪ್ರೊಫೆನ್ ಕೈಗೆ ಬಂದಿರುತ್ತದೆ. ಲಿಥಿಯಂ ತಗೊಳ್ಳುವವರಿಗೆ ಅದು ಅಪಾಯ. ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಬಿಸಿಲಲ್ಲಿ ಬೆವರಿ ದೇಹದ ನೀರು, ಉಪ್ಪು ಹೋದರೂ ಅಷ್ಟೇ. ಕೈ ನಡುಗಿ ವಾಂತಿ ಶುರುವಾದರೆ ಸುಸ್ತು ಅಂತ ಸುಮ್ನೆ ಕೂರಿಸುವುದಲ್ಲ, ಆಸ್ಪತ್ರೆಗೆ ಓಡಬೇಕು. ನೋವಿನ ಮಾತ್ರೆ ಏನೇ ಇದ್ದರೂ ಅವನ ಡಾಕ್ಟರನ್ನು ಕೇಳಿಯೇ ಕೊಡುವುದು ಅಂತ ಬರೆದುಕೊಂಡೆವು.

ಹುಡುಗನ ಅಮ್ಮನಿಗೆ ಬೇರೆ ಚಿಂತೆ. ರಾಜ್ಯ ಮಟ್ಟಕ್ಕೆ ಹೋದರೆ ಡೋಪಿಂಗ್‌ನಲ್ಲಿ ಸಿಕ್ಕಿಬೀಳುತ್ತಾನಾ ಅಂತ. ಲಿಥಿಯಂ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಸಂಜೆ ಫೋನ್ ಮಾಡಿ ಹೇಳಿದೆ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಶನಿವಾರ ರಾತ್ರಿ ಅವನು ಆಗಲ್ಲ ಅಂದರೆ ಹೊಸ ಚೆಂಡು ಯಾರ ಕೈಗೆ? ಹಿರಿಯರು ತಮ್ಮ ಮೊಮ್ಮಗನ ಹೆಸರು ಹೇಳಿದ್ದಾರೆ. ಅವನು ಸ್ಪಿನ್ನರ್.