ಚುಕ್ಕೆ ಇದ್ದರೆ ಬಾಯಲ್ಲಿ ಉತ್ತರ

ಮಡಿಕೇರಿ ಕಡೆ ಮಳೆ ನಿಂತಿಲ್ಲ. ಮನೆಯಲ್ಲಿ ಕರೆಂಟ್ ಹೋಗಿ ಎರಡು ದಿನ. ಜನರೇಟರ್ ಇರುವ ಅಂಗಡಿಯಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿ, ಬೆಂಚಿನ ಮೇಲೆ ಕೂತು ಸುಮ್ನೆ ವಿಧಾನಸಭೆ ಕಲಾಪ ನೋಡಿದೆ. ಯಾರೋ ಶಾಸಕರು ಆನೆ ಕಾಟ, ರಸ್ತೆ, ಆಸ್ಪತ್ರೆ ಅಂತ ಮಂತ್ರಿಗಳನ್ನು ಕೇಳುತ್ತಿದ್ದರು. ಎಲ್ಲದಕ್ಕೂ ಒಂದೇ ಉತ್ತರ: ‘ಪರಿಶೀಲಿಸುತ್ತೇವೆ’.

ಶಾಸಕರು ಕೇಳಿದ್ದು ಚುಕ್ಕೆ (*) ಗುರುತಿನ ಪ್ರಶ್ನೆಯಾದರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಹೇಳಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೆದು ಕೊಟ್ಟರೆ ಸಾಕು. ಬಾಯಲ್ಲಿ ಹೇಳಿದರೆ ಉಪಪ್ರಶ್ನೆ ಹಾಕಬಹುದು. ಮಜಾ ಇರುವುದು ಅಲ್ಲೇ. ಬರೆದದ್ದನ್ನು ಓದಿ ಮುಗಿಸಿದ ಮಂತ್ರಿಗಳು ಉಪಪ್ರಶ್ನೆ ಬಂದ ಕೂಡಲೇ ಹಿಂದೆ ಚೀಟಿ ಹುಡುಕುತ್ತಾರೆ!

224 ಶಾಸಕರಲ್ಲಿ ಕೊಡಗಿನವರು ಇಬ್ಬರೇ, ಮಡಿಕೇರಿ ಮತ್ತು ವಿರಾಜಪೇಟೆ. 2008ಕ್ಕೆ ಮುಂಚೆ ಸೋಮವಾರಪೇಟೆಯೂ ಇತ್ತು. ಇನ್ನೂ ಹಿಂದೆ, 1956ರವರೆಗೆ ನಮ್ಮದು ಬೇರೆಯೇ ರಾಜ್ಯ. 24 ಜನರ ಸ್ವಂತ ವಿಧಾನಸಭೆ ಇತ್ತು. ಇದನ್ನು ಅಂಗಡಿ ಅಜ್ಜನಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ.

‘ಆಗಲೂ ಮಳೆಗಾಲ ಕತ್ತಲೆಯೇ ಮಗಾ’ ಅಂದರು.

ಚಾರ್ಜ್ 40 ಆಗಿತ್ತು. ಅಷ್ಟರಲ್ಲಿ ಡೀಸೆಲ್ ಮುಗಿಯಿತು.