ಸದ್ದು ನಿಲ್ಲಿಸಿದ ಫ್ಯಾನು

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಉಜಿರೆಯಿಂದ ಮೂಡಿಗೆರೆಗೆ ಮದುವೆಗೆಂದು ಹೊರಟಿದ್ದಾಗ, ಚಾರ್ಮಾಡಿ ಘಾಟಿಯ ನಾಲ್ಕನೆಯ ತಿರುವಿನಲ್ಲಿ ನನ್ನ ಹಳೆಯ ಟೊಯೋಟಾ ಕ್ವಾಲಿಸ್ಸಿನ ಉಷ್ಣತೆಯ ಮುಳ್ಳು ಮಧ್ಯದ ಗೆರೆಯನ್ನು ಬಿಟ್ಟು ಮೇಲಕ್ಕೆ ಏರತೊಡಗಿತು. ಗಾಡಿಯಲ್ಲಿ ಏಳು ಜನರಿದ್ದರು, ಹಿಂದೆ ಎರಡು ಗೋಣಿ ತೆಂಗಿನಕಾಯಿಯಿತ್ತು, ಎಸಿ ಹಾಕಿತ್ತು. ಎಸಿ ಆರಿಸಿ, ಕಿಟಕಿಗಳನ್ನು ಇಳಿಸಿ, ಎಂಜಿನ್ನಿನ ಬಿಸಿ ಸ್ವಲ್ಪವಾದರೂ ಹೊರಹೋಗಲೆಂದು ಹೀಟರನ್ನು ಪೂರ್ತಿ ತಿರುಗಿಸಿ, ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದಂತೆಯೇ ಎರಡನೆಯ ಗೇರಿನಲ್ಲಿ ಹೇಗೋ ಅಣ್ಣಪ್ಪ ಸ್ವಾಮಿಯ ಗುಡಿಯವರೆಗೆ ತಂದು ನಿಲ್ಲಿಸಿದೆ. ಕೈಮುಗಿಯಲು ನಿಲ್ಲಿಸಿದ್ದೆಂದು ಅತ್ತೆಯವರು ತಿಳಿದರು, ನಾನೂ ತಿದ್ದಲಿಲ್ಲ.

ಅದು ಮೊದಲ ಸಲವೇನೂ ಆಗಿರಲಿಲ್ಲ. ಆ ಬೇಸಿಗೆಯಲ್ಲಿ ಮೂರು ಸಲ ಹೀಗೆ ಆಗಿತ್ತು, ಮೂರು ಸಲವೂ ಘಾಟಿಯಲ್ಲಿಯೇ ಆಗಿತ್ತು. ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಮಂಗಳೂರಿಗೆ ಹೋಗಿ ಬಂದರೆ ಮುಳ್ಳು ಅಲುಗುತ್ತಿರಲಿಲ್ಲ. ಮೊದಲ ಸಲ ಗ್ಯಾರೇಜಿನವರು ಥರ್ಮೋಸ್ಟಾಟ್, ಅಂದರೆ ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ಬದಲಾಯಿಸಿದರು. ಎರಡನೆಯ ಸಲ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳೊಳಗೆ ಸರಳು ತೂರಿಸಿ ಕಿಟ್ಟ ತೆಗೆಸಿದರು, ಜೊತೆಗೆ ವಾಟರ್ ಪಂಪನ್ನೂ ಹೊಸದಾಗಿ ಹಾಕಿದರು. ಮೂರನೆಯ ಸಲ ಹೆಡ್ ಗ್ಯಾಸ್ಕೆಟ್ಟಿನ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಹಾಳೆಯ, ಮಾತು ಬಂತು. ಹೆಡ್ ಇಳಿಸುವುದೆಂದರೆ ಆ ವಯಸ್ಸಿನ ಗಾಡಿಗೆ ಸಣ್ಣ ಖರ್ಚಲ್ಲ. ಮಾತು ಅಲ್ಲಿಗೆ ಬಂದಾಗ ನಾನು ಗಾಡಿಯನ್ನು ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿ ಯೋಚಿಸತೊಡಗಿದೆ.

ಕ್ವಾಲಿಸ್ 2000ದಲ್ಲಿ ಬಂದು 2005ರಲ್ಲಿ ಇನ್ನೋವಾಕ್ಕೆ ಜಾಗ ಬಿಟ್ಟುಕೊಟ್ಟ ಗಾಡಿ. ಬಿಡದಿಯ ಕಾರ್ಖಾನೆಯಿಂದ ಹೊರಬಂದ ಈ ಗಾಡಿಗಳು ಕರಾವಳಿಯಲ್ಲಿ ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ನನ್ನದು 2003ರ ಡೀಸೆಲ್. ಅದರ ರೇಡಿಯೇಟರ್ ಫ್ಯಾನು ಇಂದಿನ ಕಾರುಗಳಲ್ಲಿರುವಂತೆ ಕರೆಂಟಿನಿಂದ ತಿರುಗುವುದಿಲ್ಲ. ಬೆಲ್ಟಿನಿಂದ ತಿರುಗುವ ವಾಟರ್ ಪಂಪಿನ ತುದಿಯಲ್ಲಿಯೇ ಕೂತಿರುತ್ತದೆ. ಆದರೆ ನೇರವಾಗಿ ಕೂತಿರುವುದಿಲ್ಲ. ಪಂಪಿಗೂ ಫ್ಯಾನಿಗೂ ನಡುವೆ ಸಣ್ಣ ತಟ್ಟೆಯಷ್ಟು ಅಗಲದ, ಮೈಮೇಲೆ ರೆಕ್ಕೆರೆಕ್ಕೆಯಾದ ಒಂದು ಅಲ್ಯೂಮಿನಿಯಂ ಬಿಲ್ಲೆಯಿರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಅದೇ ಫ್ಯಾನ್ ಕ್ಲಚ್ಚು. ರಿಪೇರಿಯ ವೇಳೆ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಉಳಿದ ಕೆಲಸ ಮುಗಿಸಿ, ಮತ್ತೆ ಹಾಗೆಯೇ ಕೂರಿಸಿದ್ದರೇ ಹೊರತು ಅದನ್ನು ಯಾರೂ ಸಂಶಯದಿಂದ ನೋಡಿರಲಿಲ್ಲ.

ನಾನು ಸಂಶಯಪಟ್ಟದ್ದು ಬುದ್ಧಿವಂತಿಕೆಯಿಂದಲ್ಲ, ಒಂದು ನೆನಪಿನಿಂದ. ಗಾಡಿ ಹೊಸದಾಗಿದ್ದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನ ಕೆಳಗಿನಿಂದ ಭರ್‍ರೆಂದು ಗಾಳಿಯ ಸದ್ದು ಬರುತ್ತಿತ್ತು. ಒಂದೆರಡು ನಿಮಿಷದಲ್ಲಿ ತಾನಾಗಿ ಇಳಿದು ಎಂಜಿನ್ನಿನ ಸದ್ದು ಮಾತ್ರ ಉಳಿಯುತ್ತಿತ್ತು. ಘಾಟಿ ಏರುವಾಗ ಅದೇ ಸದ್ದು ನಡುನಡುವೆ ಎದ್ದು ಮತ್ತೆ ಅಡಗುತ್ತಿತ್ತು. ಒಂದೆರಡು ವರ್ಷಗಳಿಂದ ಈ ಸದ್ದು ಕೇಳಿರಲೇ ಇಲ್ಲ. ಗಾಡಿ ಹಳೆಯದಾದಷ್ಟೂ ಮೆತ್ತಗಾಗುತ್ತಿದೆ, ಓಡಿಸುವುದಕ್ಕೆ ಹಿತವಾಗಿದೆ ಎಂದು ನಾನು ಮನೆಯವರ ಮುಂದೆ ಹೇಳಿಕೊಂಡದ್ದೂ ಉಂಟು. ಆ ಹಿತವೇ ರೋಗವಾಗಿತ್ತೆಂಬುದು ಅಂಗಳದಲ್ಲಿ ಕೂತಾಗ ಹೊಳೆಯಿತು.

ಆ ಬಿಲ್ಲೆಯ ಒಳಗಿನ ವ್ಯವಸ್ಥೆ ಬಹಳ ಚೆಂದದ್ದು. ಪಂಪಿನ ಜೊತೆ ತಿರುಗುವ ಒಂದು ಚಕ್ರ ಒಳಗಿದೆ. ಅದರ ಮೈಮೇಲೆ ಒಂದರ ಸುತ್ತ ಒಂದರಂತೆ ಉಂಗುರದಾಕಾರದ ಏಣುಗಳಿವೆ. ಫ್ಯಾನು ಜೋಡಿಸಿರುವ ಹೊರಕವಚದಲ್ಲಿ ಅವಕ್ಕೆ ಸರಿಯಾಗಿ ಕೂರುವ ಕಾಲುವೆಗಳಿವೆ. ಏಣು ಕಾಲುವೆಗಳು ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಕೂದಲೆಳೆಯಷ್ಟು ಸಂದಿಯಿದೆ. ಆ ಸಂದಿಯಲ್ಲಿ ಮಂದವಾದ ಸಿಲಿಕೋನ್ ಎಣ್ಣೆ ತುಂಬಿಕೊಂಡಾಗ ಒಳಚಕ್ರವು ಹೊರಕವಚವನ್ನು ತನ್ನ ಜೊತೆ ಎಳೆದುಕೊಂಡು ತಿರುಗುತ್ತದೆ. ಬೆಲ್ಲದ ಪಾಕ ಗಟ್ಟಿಯಾಗುತ್ತ ಬಂದಾಗ ಸೌಟು ತಿರುಗಿಸಿದರೆ ಬಾಣಲೆಯೇ ಒಲೆಯ ಮೇಲೆ ತಿರುಗತೊಡಗುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಣ್ಣೆ ಆ ಸಂದಿಯಲ್ಲಿ ಇಲ್ಲದಾಗ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತದೆ, ಫ್ಯಾನು ಸೋಮಾರಿಯಂತೆ ಹಿಂದುಳಿಯುತ್ತದೆ.

ಎಣ್ಣೆಯನ್ನು ಯಾವಾಗ ಒಳಗೆ ಬಿಡಬೇಕೆಂಬುದನ್ನು ತೀರ್ಮಾನಿಸುವುದು ಬಿಲ್ಲೆಯ ಮುಖದ ಮೇಲಿರುವ, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಒಂದು ಪಟ್ಟಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ ಅದು. ರೇಡಿಯೇಟರನ್ನು ಹಾದು ಬರುವ ಗಾಳಿ ಬಿಸಿಯಾದಂತೆ ಸುರುಳಿ ತಿರುಚಿಕೊಳ್ಳುತ್ತದೆ, ಅದಕ್ಕೆ ಸಿಕ್ಕಿಸಿದ ಸಣ್ಣ ಕಡ್ಡಿಯೊಂದು ಒಳಗಿನ ಕವಾಟವನ್ನು ಸರಿಸುತ್ತದೆ, ಮುಂಭಾಗದ ಕೋಣೆಯಲ್ಲಿದ್ದ ಎಣ್ಣೆ ಹಿಂದಿನ ಕಾಲುವೆಗಳಿಗೆ ಹರಿಯುತ್ತದೆ. ಗಾಳಿ ತಣ್ಣಗಾದಾಗ ಕವಾಟ ಮುಚ್ಚಿ, ತಿರುಗುವ ರಭಸಕ್ಕೆ ಅಂಚಿಗೆ ಸೇರಿದ ಎಣ್ಣೆ ಮತ್ತೆ ಮುಂದಿನ ಕೋಣೆಗೆ ಮರಳುತ್ತದೆ. ಬೆಳಗಿನ ಭರ್‍ರೆಂಬ ಸದ್ದಿಗೂ ಇದೇ ಕಾರಣ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆ ಕೆಳಗಿಳಿದು ಕಾಲುವೆಗಳಲ್ಲಿ ಕೂತಿರುತ್ತದೆ, ಅದು ಮರಳಿ ಮುಂದಿನ ಕೋಣೆ ಸೇರುವವರೆಗೆ ಫ್ಯಾನು ಜೋರಾಗಿ ತಿರುಗುತ್ತದೆ. ಸದ್ದಿಲ್ಲವೆಂದರೆ ಎಣ್ಣೆಯಿಲ್ಲ.

ಘಾಟಿಯಲ್ಲಿಯೇ ಏಕೆ ಕೈಕೊಡುತ್ತಿತ್ತು ಎಂಬುದೂ ಆಗ ಸರಿಹೋಯಿತು. ಹೆದ್ದಾರಿಯಲ್ಲಿ ಗಾಡಿಯ ವೇಗಕ್ಕೇ ಗಾಳಿ ರೇಡಿಯೇಟರಿಗೆ ನುಗ್ಗುತ್ತದೆ, ಫ್ಯಾನು ಇಲ್ಲದಿದ್ದರೂ ನಡೆಯುತ್ತದೆ. ಚಾರ್ಮಾಡಿಯಲ್ಲಿ ವೇಗ 20 ದಾಟುವುದಿಲ್ಲ, ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಸಾಲದ್ದಕ್ಕೆ ನಾವು ಪೂರ್ವಕ್ಕೆ ಏರುತ್ತಿರುತ್ತೇವೆ, ಮಧ್ಯಾಹ್ನದ ಕಡಲಗಾಳಿ ಹಿಂದಿನಿಂದ ಬೀಸುತ್ತಿರುತ್ತದೆ. ಬೆನ್ನಿಗೆ ಗಾಳಿಯಿದ್ದರೆ ದೋಣಿಗೆ ಒಳ್ಳೆಯದು, ರೇಡಿಯೇಟರಿಗಲ್ಲ.

ಮರುದಿನ ಬೆಳಿಗ್ಗೆ, ತಣ್ಣಗಿದ್ದ ಎಂಜಿನ್ ಹಾಗೆಯೇ ಇರುವಾಗ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದೆ. ಸ್ವಲ್ಪ ತಡೆದು ಒಂದು ಸುತ್ತಿನೊಳಗೆ ನಿಲ್ಲಬೇಕಾದ ಫ್ಯಾನು ಗಿರಗಿಟ್ಲೆಯ ಹಾಗೆ ಐದಾರು ಸುತ್ತು ಹೋಯಿತು. ಸಂಜೆ ಗಾಡಿಯನ್ನು ಚೆನ್ನಾಗಿ ಓಡಿಸಿ, ಎಂಜಿನ್ ಆರಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ ಮತ್ತೆ ತಿರುಗಿಸಿದೆ. ಆಗಲೂ ಅಷ್ಟೇ ಸಡಿಲ. ಬಿಲ್ಲೆಯ ಮಧ್ಯದಿಂದ ಅಂಚಿನವರೆಗೆ ಸೂರ್ಯಕಿರಣದಂತೆ ಹರಡಿದ ಕಪ್ಪು ಜಿಡ್ಡಿನ ಗೆರೆಗಳಿದ್ದವು. ವರ್ಷಗಳಿಂದ ಹನಿಹನಿಯಾಗಿ ಹೊರಗೆ ಬಂದ ಎಣ್ಣೆಗೆ ಧೂಳು ಅಂಟಿ ಆದ ಗೆರೆಗಳು ಅವು. (ಓಡುತ್ತಿರುವ ಫ್ಯಾನಿಗೆ ಸುತ್ತಿದ ಪತ್ರಿಕೆಯನ್ನು ಒಡ್ಡಿ ಪರೀಕ್ಷಿಸುವವರನ್ನು ನೋಡಿದ್ದೇನೆ. ನನಗೆ ಹತ್ತೂ ಬೆರಳುಗಳು ಬೇಕು.)

ನಮ್ಮ ಊರಿನ ಹಿರಿಯ ಮೇಸ್ತ್ರಿಯವರಿಗೆ ಫೋನ್ ಮಾಡಿದೆ. "ಅದಕ್ಕೆ ಇಷ್ಟೆಲ್ಲ ಎಂಥಕ್ಕೆ ಮಾರಾಯ್ರೆ, ಎರಡು ಬೋಲ್ಟು ತೂರಿಸಿ ಡೈರೆಕ್ಟ್ ಮಾಡಿ ಬಿಡುವ" ಎಂದರು. ಡೈರೆಕ್ಟ್ ಮಾಡುವುದೆಂದರೆ ಕ್ಲಚ್ಚಿನ ಎರಡೂ ಭಾಗಗಳನ್ನು ಬಿಗಿದು ಫ್ಯಾನು ಸದಾ ಪಂಪಿನ ವೇಗದಲ್ಲಿಯೇ ತಿರುಗುವಂತೆ ಮಾಡುವುದು. ಗಾಡಿ ಬಿಸಿಯೇರುವುದಿಲ್ಲ, ನಿಜ. ಆದರೆ ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಎಂಜಿನ್ನಿನಿಂದ ಕಸಿದುಕೊಳ್ಳುವ ಶಕ್ತಿ ಎಂಟು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ಬೇಡದ ಗಾಳಿಗಾಗಿ ಡೀಸೆಲ್ ಸುಡುವುದು, ಮಾತು ಕೇಳಿಸದಷ್ಟು ಸದ್ದು, ಅಂಥ ವೇಗಕ್ಕೆಂದು ಮಾಡದ ಪ್ಲಾಸ್ಟಿಕ್ ಎಲೆಗಳ ಮೇಲೆ ಬೀಳುವ ಒತ್ತಡ, ಇವೆಲ್ಲ ನನಗೆ ಒಪ್ಪಿಗೆಯಾಗಲಿಲ್ಲ. ಹೊಸ ಕ್ಲಚ್ಚು ತರಬಹುದಿತ್ತು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ಸಿಕ್ಕಿದ್ದು ಯಾರು ಮಾಡಿದ್ದೆಂದೇ ತಿಳಿಯದ ಮಾಲು. ಹಳೆಯದನ್ನೇ ಬಿಚ್ಚಿ ನೋಡುವುದೆಂದು ತೀರ್ಮಾನಿಸಿದೆ.

ಬೆಲ್ಟು ಬಿಗಿಯಾಗಿರುವಾಗಲೇ ಪಂಪಿನ ತುದಿಯ ನಾಲ್ಕು ನಟ್ಟುಗಳನ್ನು ಸಡಿಲಿಸಿಕೊಳ್ಳಬೇಕು. ಬೆಲ್ಟು ಬಿಚ್ಚಿದ ಮೇಲೆ ಪುಲ್ಲಿ ಸ್ಪ್ಯಾನರಿನ ಜೊತೆಯೇ ತಿರುಗುತ್ತದೆ. ಇದು ನನಗೆ ಬೆರಳಗೆಣ್ಣು ಕೆತ್ತಿಕೊಂಡ ನಂತರ ತಿಳಿದ ವಿಷಯ. ಬಿಲ್ಲೆಯ ಎರಡು ಭಾಗಗಳ ಅಂಚಿಗೆ ಅಡ್ಡಲಾಗಿ ಒಂದು ಗೀರು ಹಾಕಿಕೊಂಡೆ, ಮತ್ತೆ ಜೋಡಿಸುವಾಗ ತೂಕದ ಸಮತೋಲ ತಪ್ಪಬಾರದೆಂದು. ಬೋಲ್ಟುಗಳನ್ನು ತೆಗೆದು ಬಿಡಿಸಿದಾಗ ಒಳಗೆ ಬೂದುಬಣ್ಣದ ಎಣ್ಣೆ ತಳದಲ್ಲಿ ಅಷ್ಟಿಷ್ಟು ಮಾತ್ರ ಇತ್ತು. ರಾತ್ರಿಯಿಡೀ ಓರೆಯಾಗಿಟ್ಟು ಬಸಿದರೂ ಔಷಧಿಯ ಅಳತೆಯ ಮುಚ್ಚಳದಲ್ಲಿ 10 ಮಿಲಿಲೀಟರ್ ದಾಟಲಿಲ್ಲ. ಎರಡು ಸಲದ ರಿಪೇರಿಯ ಬಿಲ್ಲುಗಳನ್ನು ಆ ಮುಚ್ಚಳದ ಪಕ್ಕದಲ್ಲಿಟ್ಟು ನೋಡಿದೆ. ಅದೃಷ್ಟಕ್ಕೆ ಬೇರಿಂಗ್ ಗಟ್ಟಿಯಿತ್ತು, ಅಲುಗಾಟವಿರಲಿಲ್ಲ. ಅದು ಹೋಗಿದ್ದರೆ ಈ ಕೆಲಸಕ್ಕೆ ಅರ್ಥವಿರುತ್ತಿರಲಿಲ್ಲ.

ಎಣ್ಣೆ ಹುಡುಕುವುದೇ ಒಂದು ಕತೆಯಾಯಿತು. ಟೊಯೋಟಾ ಈ ಎಣ್ಣೆಯನ್ನು 18 ಮಿಲಿಲೀಟರಿನ ಸಣ್ಣ ಟ್ಯೂಬುಗಳಲ್ಲಿ ಮಾರುತ್ತದೆ, ಆದರೆ ನನ್ನ ಕೈಗೆ ಅದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ರಿಮೋಟಿನಿಂದ ಓಡಿಸುವ ಆಟದ ಕಾರುಗಳ ಡಿಫರೆನ್ಷಿಯಲ್ಲಿಗೆ, ಅಂದರೆ ಎರಡು ಚಕ್ರಗಳ ನಡುವಿನ ಗೇರುಗಳಿಗೆ, ಹಾಕುವ ಶುದ್ಧ ಸಿಲಿಕೋನ್ ಎಣ್ಣೆ, 60 ಮಿಲಿಲೀಟರಿನ ಬಾಟಲಿ. ಅದರ ಮೇಲೆ 10,000 ಎಂದು ಬರೆದಿತ್ತು. ಅದು ಸ್ನಿಗ್ಧತೆಯ ಅಳತೆ, ಅದೇ ಅಳತೆಯಲ್ಲಿ ನೀರಿನದು ಸುಮಾರು 1. ಎಂಜಿನ್ ಆಯಿಲ್ಲನ್ನೋ ಗ್ರೀಸನ್ನೋ ಏಕೆ ಹಾಕಬಾರದೆಂದು ಕೇಳಿದವರಿದ್ದಾರೆ. ಬಿಸಿಯಾದಾಗ ಎಂಜಿನ್ ಆಯಿಲ್ ನೀರಾಗಿಬಿಡುತ್ತದೆ, ಸಿಲಿಕೋನ್ ಎಣ್ಣೆ ಅಷ್ಟು ಬೇಗ ತೆಳುವಾಗುವುದಿಲ್ಲ. ಹಿಡಿತ ಬೇಕಾಗುವುದು ಬಿಸಿಯಲ್ಲಿಯೇ ತಾನೆ.

ಎಣ್ಣೆ ಹಾಕುವ ಮೊದಲು ಕವಾಟವನ್ನು ಪರೀಕ್ಷಿಸಿದೆ. ಸುರುಳಿಯಿರುವ ಮುಂಭಾಗವನ್ನು ಚೆನ್ನಾಗಿ ಒರೆಸಿ, ಅಡುಗೆಮನೆಯ ಹಳೆಯ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಶಾಲೆಯ ಪ್ರಯೋಗಾಲಯದಿಂದ ಎರವಲು ತಂದ ಥರ್ಮಾಮೀಟರನ್ನು ಇಳಿಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಆ ಪಾತ್ರೆ ಇನ್ನು ಒಳಗೆ ಬರಕೂಡದೆಂದು ತೀರ್ಪು ಕೊಟ್ಟಳು. 60 ಡಿಗ್ರಿಯವರೆಗೆ ಏನೂ ಆಗಲಿಲ್ಲ. 68ಕ್ಕೆ ತಗಡಿನ ನಾಲಿಗೆ ತೂತಿನಿಂದ ಹುಲ್ಲೆಳೆಯಷ್ಟು ಸರಿಯಿತು. ತೂತು ಪೂರ್ತಿ ತೆರೆಯುವಾಗ 80 ದಾಟಿತ್ತು. ಇಲ್ಲೊಂದು ಸೂಕ್ಷ್ಮವಿದೆ: ಸುರುಳಿಗೆ ತಾಗುವುದು ರೇಡಿಯೇಟರಿನ ನೀರಲ್ಲ, ಅದನ್ನು ಹಾದು ಬಂದ ಗಾಳಿ, ನೀರು 90 ಮುಟ್ಟಿದಾಗಲೂ ಗಾಳಿ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಕವಾಟ ಪೂರ್ತಿ ತೆರೆಯುವುದಕ್ಕೆ ಗಾಳಿಯೇ 80 ಆಗಬೇಕೆಂದರೆ ಅಷ್ಟರಲ್ಲಿ ಎಂಜಿನ್ನಿನ ಗತಿ ಮುಗಿದಿರುತ್ತದೆ. ನನ್ನ ಕ್ಲಚ್ಚಿನಲ್ಲಿ ಕವಾಟದ ತಗಡನ್ನು ಮೂರು ಪುಟ್ಟ ಸ್ಕ್ರೂಗಳು ಹಿಡಿದಿದ್ದವು. ಅವನ್ನು ಸಡಿಲಿಸಿ ತಗಡನ್ನು ಒಂದು ಎಳ್ಳಿನಷ್ಟು ತಿರುಗಿಸಿ, ಬಿಗಿದು, ಮತ್ತೆ ನೀರಿಗೆ ಇಳಿಸಿದೆ. 44. ಅದು ತೀರಾ ಕಡಿಮೆ, ನಮ್ಮ ಕಡೆಯ ಏಪ್ರಿಲ್ಲಿನಲ್ಲಿ ಫ್ಯಾನು ದಿನವಿಡೀ ಬಿಡುವಿಲ್ಲದೆ ತಿರುಗುತ್ತಿತ್ತು. ಐದನೆಯ ಪ್ರಯತ್ನದಲ್ಲಿ 55ಕ್ಕೆ ತೆರೆಯತೊಡಗಿತು. ಅಲ್ಲಿಗೆ ಬಿಟ್ಟೆ.

ಎಣ್ಣೆಯ ವಿಷಯದಲ್ಲಿ ಮಾತ್ರ ಎಡವಿದೆ. ಜಾಸ್ತಿ ಇದ್ದರೆ ಒಳ್ಳೆಯದೇ ಎಂದುಕೊಂಡು 50 ಮಿಲಿಲೀಟರ್ ಸುರಿದೆ. ಜೇನಿಗಿಂತ ಮಂದವಾದ ಆ ಎಣ್ಣೆ ಒಳಗಿಳಿಯಲು ಅರ್ಧ ಗಂಟೆ ಹಿಡಿಯಿತು. ಜೋಡಿಸಿ ಸ್ಟಾರ್ಟ್ ಮಾಡಿದಾಗ ಹಳೆಯ ಸದ್ದು ಕೇಳಿ ನನಗೆ ರೋಮಾಂಚನವೇ ಆಯಿತು. ಎರಡು ನಿಮಿಷ ಕಾದೆ, ಹತ್ತು ನಿಮಿಷ ಕಾದೆ, ಬೆಳ್ತಂಗಡಿಗೆ ಹೋಗಿ ಬಂದೆ, ಸದ್ದು ಇಳಿಯಲಿಲ್ಲ. ಮುಂದಿನ ಕೋಣೆಯಲ್ಲಿ ಹಿಡಿಸದ ಎಣ್ಣೆ ಕಾಲುವೆಗಳಲ್ಲಿಯೇ ಉಳಿದು, ನಾನು ಬೇಡವೆಂದಿದ್ದ ಡೈರೆಕ್ಟನ್ನೇ ಬೇರೆ ದಾರಿಯಿಂದ ಮಾಡಿಕೊಂಡಿದ್ದೆ. ಮತ್ತೆ ಬಿಚ್ಚಿ, ಸೂಜಿ ತೆಗೆದ ಸಿರಿಂಜಿನಿಂದ 14 ಮಿಲಿಲೀಟರ್ ಹೊರತೆಗೆದು ಅದೇ ಬಾಟಲಿಗೆ ಹಾಕಿದೆ. ಬಿಚ್ಚಿಟ್ಟ ಕ್ಲಚ್ಚನ್ನು ಮಕಾಡೆ ಮಲಗಿಸದೆ, ಗಾಡಿಯಲ್ಲಿ ಕೂತಿರುವಂತೆಯೇ ನಿಲ್ಲಿಸಿಡಬೇಕೆಂಬ ಎಚ್ಚರ ಈ ಸಲ ಇತ್ತು.

ಮೇ ಮೊದಲ ವಾರದ ಒಂದು ಮಧ್ಯಾಹ್ನ, ಬೇಕೆಂದೇ ಎರಡು ಗಂಟೆಯ ಬಿಸಿಲಿನಲ್ಲಿ, ಮೇಸ್ತ್ರಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಆರು ಚೀಲ ಸಿಮೆಂಟು ಹೇರಿಕೊಂಡು, ಎಸಿ ಹಾಕಿ ಚಾರ್ಮಾಡಿ ಏರಿದೆ. ಮೂರನೆಯ ತಿರುವಿನವರೆಗೆ ಎಂಜಿನ್ನಿನ ಸದ್ದು ಮಾತ್ರ ಇತ್ತು. ನಾಲ್ಕನೆಯದರಲ್ಲಿ ಮುಳ್ಳು ಮಧ್ಯದ ಗೆರೆಯಿಂದ ಒಂದು ಕೂದಲಷ್ಟು ಮೇಲೆದ್ದಿತು. ಅದರ ಹಿಂದೆಯೇ ಬಾನೆಟ್ಟಿನಡಿಯಿಂದ ದೂರದ ಮಳೆಯಂಥ ಸದ್ದು ಹೊರಟು, ಗಟ್ಟಿಯಾಗುತ್ತ ಬಂದು, ಮುಳ್ಳನ್ನು ಕೆಳಗೆ ತಂದಿತು. ಮೇಸ್ತ್ರಿಯವರು ಏನೋ ಹೇಳಿದ್ದು ಕೇಳಿಸಲಿಲ್ಲ. ಐದನೆಯ ತಿರುವು ಮುಗಿಯುವಾಗ ಸದ್ದು ತಾನಾಗಿ ಇಳಿಯಿತು, ಏಳನೆಯದರಲ್ಲಿ ಮತ್ತೆ ಎದ್ದಿತು.

ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಮುಂದೆ ಕೂತಾಗ ಅವರು ಗಾಡಿಯ ವಿಷಯವನ್ನೇ ಎತ್ತಲಿಲ್ಲ. ಕೈತೊಳೆದು ಬಂದ ಮೇಲೆ, "ಆ ಬಾಟಲಿಯಲ್ಲಿ ಇನ್ನೂ ಎಷ್ಟು ಉಂಟು?" ಎಂದು ಕೇಳಿದರು. 24 ಮಿಲಿಲೀಟರ್ ಇದೆ ಎಂದೆ. "ನಮ್ಮ ಶೆಡ್ಡಿನಲ್ಲಿ ನಾನೇ ಡೈರೆಕ್ಟ್ ಮಾಡಿಟ್ಟ ಒಂದು ಜೀಪು ಉಂಟು. ಇನ್ನೊಂದು ಬಾಟಲಿ ತರಿಸುವಾಗ ಹೇಳಿ" ಎಂದು ಬೀಡಿ ಹಚ್ಚಿಕೊಂಡರು.